ಕೆಳಗಿನ ಸಾಲಿನ ತಟ್ಟೆಗಳು

ನಮ್ಮ ಮನೆಯಲ್ಲಿ ಒಳ್ಳೆಯ ಕೋಣೆ ಹುಳುಗಳದು, ಮಿಕ್ಕಿದ್ದರಲ್ಲಿ ನಾವು. ರೇಷ್ಮೆ ಹುಳು ಸಾಕುವ ಮನೆಯನ್ನು ನೋಡದವರಿಗೆ ಇದು ವಿಚಿತ್ರ ಅನ್ನಿಸಬಹುದು. ಮಧುರೆ ಕಡೆಯ ನಮ್ಮೂರಿನಲ್ಲಿ, ಊರಿಗೆಲ್ಲ ಒಂದೇ ಟೀವಿ ಇದ್ದ ಆ ಕಾಲದಲ್ಲಿ, ಮನೆ ಅಂದರೆ ಹಾಗೇ ಇರುತ್ತಿತ್ತು. ಗಾಳಿ ಆಡುವ, ನೇರ ಬಿಸಿಲು ಬೀಳದ ನಡುಕೋಣೆಯಲ್ಲಿ ಗೋಡೆಯುದ್ದಕ್ಕೂ ಅಟ್ಟಣಿಗೆ, ಅದರಲ್ಲಿ ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು ಅಂತ ಅಗಲವಾದ ಬಿದಿರಿನ ತಟ್ಟೆಗಳು, ತಟ್ಟೆ ತುಂಬ ಹುಳು. ಇರುವೆ ಹತ್ತಬಾರದೆಂದು ಅಟ್ಟಣಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿರುತ್ತಿದ್ದರು. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಪೊರೆ ಬಿಡುವ ಹೊತ್ತಿನಲ್ಲಿ, ನಾವು ಮಕ್ಕಳು ಜೋರಾಗಿ ನಕ್ಕರೂ ಅಮ್ಮ ಕಣ್ಣು ಬಿಡುವಳು. ಹುಳು ಇದ್ದಷ್ಟು ದಿನ ಮನೆಯೊಳಗೆ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಮುಖಕ್ಕೆ ಪೌಡರ್ ಇಲ್ಲ. ಹಿತ್ತಿಲ ಒಲೆಯಲ್ಲಿ ಬೇಯಿಸಿದ ಮುದ್ದೆ, ಉಪ್ಸಾರು ತಿಂದು, ಪಡಸಾಲೆಯಲ್ಲಿ ಒಬ್ಬರ ಕಾಲ ಮೇಲೊಬ್ಬರು ಕಾಲು ಹಾಕಿಕೊಂಡು ಮಲಗುತ್ತಿದ್ದೆವು. ಕಾಯಿಲೆ ಬಿದ್ದ ಮನುಷ್ಯರಿಗೆ ಅಷ್ಟು ಉಪಚಾರ ಸಿಕ್ಕಿದ್ದನ್ನು ನಾನು ನಮ್ಮ ಮನೆಯಲ್ಲಿ ಕಾಣೆ.

ಇದನ್ನೆಲ್ಲ ಈಗ ಬರೆಯಲು ಕೂತದ್ದಕ್ಕೆ ನನ್ನ ಮೊಮ್ಮಗಳು ಚಾರ್ವಿ ಕಾರಣ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಪೆನ್ನು ಹಿಡಿದರೆ ಕುಡುಗೋಲು ಹಿಡಿದಷ್ಟು ಬಿಗಿಯಾಗಿ ಹಿಡಿಯುತ್ತೇನೆ, ಸ್ವಲ್ಪ ಹೊತ್ತಿಗೆ ಬೆರಳು ಸೆಡೆತುಹೋಗುತ್ತವೆ. ಆದರೂ ಹೋದ ವಾರದಿಂದ ಸಂತೋಷ ಎದೆಯಲ್ಲಿ ಹಿಡಿಸದೆ ಒದ್ದಾಡುತ್ತಿದ್ದೇನೆ. ಇನ್ನೂ ಶಾಲೆಯ ಬಾಗಿಲು ಕಾಣದ ಆ ಕೂಸು ಅಡುಗೆಮನೆಯಿಂದ ಓಡಿ ಬಂದು, ನನ್ನ ಸೆರಗು ಜಗ್ಗಿ ಹೇಳಿತು:

“ಅಜ್ಜಿ, ಹಾಲು ಚೆಲ್ಲಿದ್ದು ಬೆಕ್ಕಲ್ಲ. ನಾನು.”

ಬೆಕ್ಕಿನ ಮೇಲೆ ಯಾರಿಗೂ ಅನುಮಾನವೇ ಬಂದಿರಲಿಲ್ಲ. ಹಾಲು ಚೆಲ್ಲಿದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ! ಅಯ್ಯೋ ನನ್ನ ಚಿನ್ನ, ನನ್ನ ಬಂಗಾರ ಅಂತ ಎತ್ತಿಕೊಂಡು ಕುಣಿದುಬಿಟ್ಟೆ. ನನ್ನ ಮಗಳು ನೆಲ ಒರೆಸುವ ಬಟ್ಟೆ ಹಿಡಿದು ಬಂದು ಸೊಂಟದ ಮೇಲೆ ಕೈಯಿಟ್ಟಳು.

“ಏನಮ್ಮಾ ನೀನು? ಹಾಲು ಚೆಲ್ಲಿದೋಳಿಗೆ ಮುತ್ತು ಕೊಡ್ತೀಯ? ನಾನು ಒಂದು ಲೋಟ ಒಡೆದಿದ್ದಕ್ಕೆ ನೀನು ನನ್ನ ಬೆನ್ನು ಮುರಿದಿದ್ದೆ.”

“ಒಡೆದಿದ್ದಕ್ಕಲ್ಲ ಕಣೇ. ನೆಲ ಜಾರ್ತಿತ್ತು ಅಂತ ಅಂದ್ಯಲ್ಲ, ಅದಕ್ಕೆ.”

ಆ ಮಾತು ಬಾಯಿಂದ ಬಂದದ್ದೇ ನನ್ನ ಕುಣಿತ ನಿಂತಿತು. ಮಗಳ ಬೆನ್ನು ಮುರಿಯಲು ನನಗೆ ಯಾವ ಮುಖವಿತ್ತು? ಈ ಕೂಸು ಅಷ್ಟು ಸಲೀಸಾಗಿ ಹೇಳಿದ “ನಾನು” ಅನ್ನುವ ಒಂದು ಮಾತು ನನ್ನ ಗಂಟಲಿನಿಂದ ಹೊರಡುವಷ್ಟರಲ್ಲಿ ಒಬ್ಬ ಹೆಣ್ಣುಮಗಳು ಗಂಡನ ಮನೆ ಬಿಟ್ಟು ಹೊರಡುವ ಹಾಗಾಗಿತ್ತು.

ನನ್ನ ಚಿಕ್ಕಂದಿನಲ್ಲಿ ಮನೆಯ ಯಜಮಾನಿಕೆ ಅಪ್ಪನ ತಾಯಿಯದು, ನಮ್ಮ ಅಜ್ಜಿಯದು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಮಾತು ಮಾತ್ರ ಕಚ್ಚುತ್ತಿತ್ತು. ಜಗಲಿಯ ಮೇಲೆ ಕಾಲು ಚಾಚಿ ಕೂತು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದವರನ್ನೆಲ್ಲ ವಿಚಾರಿಸುವುದು ಅವಳ ಕೆಲಸ. ಸೊಂಟದಲ್ಲಿ ಬಟ್ಟೆಯ ಎಲೆಚೀಲ, ಪಕ್ಕದಲ್ಲಿ ಎಲೆಅಡಿಕೆ ಕುಟ್ಟುವ ಪುಟ್ಟ ಕುಟ್ಟಾಣಿ. ಎಲೆಅಡಿಕೆಗೆ ಕಡ್ಡಿಪುಡಿ ಸೇರದಿದ್ದರೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಆದರೆ ಹೊಗೆಸೊಪ್ಪಿನ ಸೋಂಕು ಹುಳುವಿಗೆ ವಿಷ, ಕಡ್ಡಿಪುಡಿ ಹಾಕುವವರು ಆ ಕೋಣೆಗೆ ಕಾಲಿಡಬಾರದು ಎಂಬ ಕಟ್ಟಳೆಯನ್ನು ಮಾಡಿದವಳೂ ಅವಳೇ, ಒಂದು ದಿನವೂ ಅದನ್ನು ಮೀರದವಳೂ ಅವಳೇ. ಹೊಸ್ತಿಲಾಚೆ ನಿಂತು ಕತ್ತು ಚಾಚಿ ನೋಡಿ ಹಿಂದೆ ಹೋಗುವಳು. ಬೀಡಿ ಸೇದುವ ಚಿಕ್ಕಪ್ಪ ಸೋಪು ಹಾಕಿ ಕೈ ತೊಳೆದು, ಅಂಗಿ ಬದಲಿಸಿ, ಕೈ ಮೂಸಿ ನೋಡಿಸಿಕೊಂಡೇ ಒಳಗೆ ಹೋಗಬೇಕು. ಇನ್ನೊಂದು ಕಟ್ಟಳೆ ಹೆಂಗಸರಿಗೆ. ಮುಟ್ಟಾದವರು ಹುಳುವಿನ ಕಡೆ ಸುಳಿಯುವಂತಿಲ್ಲ. ದನದ ಕೊಟ್ಟಿಗೆ ಪಕ್ಕದ ಜಗಲಿಯಲ್ಲಿ ಕೂತು, ನೀರು ಹಾಕಿಕೊಂಡ ಮೇಲೆ ಒಳಗೆ ಬರಬೇಕು.

ಚಿಕ್ಕಪ್ಪನ ಹೆಂಡತಿ ರತ್ನ ಚಿಕ್ಕಮ್ಮ ದೇವನಹಳ್ಳಿ ಕಡೆಯವಳು. ತವರಲ್ಲಿ ಚಕ್ಕೋತದ ಗಿಡಗಳಿದ್ದವು, ಹುಳು ಇರಲಿಲ್ಲ. ಬಂದ ಹೊಸದರಲ್ಲಿ ಹುಳು ಮುಟ್ಟಲು ಹೇಸಿ ಅತ್ತವಳಂತೆ. ಆಮೇಲೆ ಕಲಿತಳು ನೋಡಿ, ಅಮ್ಮನೇ ಅವಳನ್ನು ಕೇಳುವ ಹಾಗಾಯಿತು. ಹಸಿರು ಸೊಪ್ಪಿನ ನಡುವೆ ಮಂಕಾದ ಒಂದು ಹುಳು ಇದ್ದರೆ ಅವಳ ಬೆರಳು ನೇರ ಅಲ್ಲಿಗೇ ಹೋಗುತ್ತಿತ್ತು. ಕೆಳಗಿನ ಸಾಲು ಅವಳ ಪಾಲಿನದು. ಬಾಗಿ ಬಾಗಿ ಸೊಂಟ ಬಿದ್ದುಹೋಗುವ ಸಾಲು, ಅದಕ್ಕೇ ಕಿರಿಸೊಸೆಗೆ. ಅವಳು ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಲಿಲ್ಲ. ನನ್ನ ಮೇಲೆ ಅವಳಿಗೆ ಬಲು ಪ್ರೀತಿ. ಶಾಲೆ ಬಿಡಿಸಿದ ದಿನ ಅತ್ತ ನನ್ನನ್ನು ಸಮಾಧಾನ ಮಾಡಿದವಳು ಅವಳೊಬ್ಬಳೇ.

ನನಗಾಗ ಹನ್ನೊಂದೋ ಹನ್ನೆರಡೋ. ಸೊಪ್ಪು ಕುಯ್ಯಲು ಕೈ ಸಾಲದೆ ಮನೆಯಲ್ಲಿ ಉಳಿಸಿಕೊಂಡಿದ್ದರು. ಬಿಡುವಾದಾಗ ಅಜ್ಜಿಗೆ ಎಲೆಅಡಿಕೆ ಕುಟ್ಟಿಕೊಡುವುದು ನನ್ನ ಕೆಲಸ. ಒಂದು ದಿನ ಹಲ್ಲುನೋವು ಅಂತ ಕೆನ್ನೆ ಹಿಡಿದುಕೊಂಡು ಕೂತಿದ್ದೆ.

“ಒಂದು ಚಿಟಿಕೆ ಕಡ್ಡಿಪುಡಿ ಒತ್ತರಿಸ್ಕೊ. ನೋವು ಎಲ್ಲೋಯ್ತದೋ ನೋಡು” ಎಂದಳು ಅಜ್ಜಿ. “ನಿಮ್ಮಪ್ಪಂಗೆ ಹೇಳ್ಬೇಡ, ನನ್ನ ಮೇಲೆ ಬತ್ತಾನೆ.”

ಮೊದಲ ಸಲ ತಲೆ ತಿರುಗಿ ತಿಪ್ಪೆಯ ಹತ್ತಿರ ಕಕ್ಕಿದೆ. ಎರಡನೇ ಸಲ ಕಕ್ಕಲಿಲ್ಲ. ಆಮೇಲೆ ಅಜ್ಜಿ ಕೊಡಬೇಕಾಗಿಯೂ ಇರಲಿಲ್ಲ, ಕುಟ್ಟುವಾಗ ನಾನೇ ಚೀಲದಿಂದ ತೆಗೆದು ಲಂಗದ ಅಂಚಿಗೆ ಕಟ್ಟಿಕೊಳ್ಳುತ್ತಿದ್ದೆ. ಕದ್ದೆ ಅಂತಲೇ ಬರೆಯುತ್ತೇನೆ. ಬಾಯಿಗೆ ಹಾಕಿದ ಕೂಡಲೇ ತಲೆ ಹಗುರವಾಗಿ, ಶಾಲೆ ಬಿಟ್ಟ ಹುಡುಗಿ ಅನ್ನುವ ಕುಗ್ಗು ಹೋಗಿ, ನಾನೂ ಒಬ್ಬ ದೊಡ್ಡ ಹೆಂಗಸು ಅನ್ನಿಸುತ್ತಿತ್ತು. ವಾಸನೆ ಬರಬಾರದೆಂದು ಸೀಬೆ ಎಲೆ ಜಗಿಯುತ್ತಿದ್ದೆ. ಅಮ್ಮ ಬಾಯಿ ಯಾಕೆ ಹಸಿರಾಗಿದೆ ಅಂದರೆ ಸೀಬೆಕಾಯಿ ತಿಂದೆ ಅನ್ನುತ್ತಿದ್ದೆ, ಕಾಯಿ ಇಲ್ಲದ ಕಾಲದಲ್ಲೂ. ಸುಳ್ಳು ಹೇಳುವುದು ಎಷ್ಟು ಸುಲಭ ಅಂತ ಗೊತ್ತಾದ ಮೇಲೆ ಕನ್ನಡಿ ನೋಡುವುದು ಕಷ್ಟವಾಯಿತು. ಇದು ಅತಿಶಯದ ಮಾತಲ್ಲ, ತಲೆ ಬಾಚುವಾಗ ಬೈತಲೆಯನ್ನು ಮಾತ್ರ ನೋಡಿಕೊಳ್ಳುತ್ತಿದ್ದೆ.

ಆ ಸಲದ ಬೆಳೆ ಚೆನ್ನಾಗಿತ್ತು. ನಾಲ್ಕನೇ ಜ್ವರ ಎದ್ದು ಹುಳು ಎಷ್ಟು ಹಾಕಿದರೂ ಸಾಲದು ಅನ್ನುವಂತೆ ಮೇಯುತ್ತಿದ್ದವು. ಅಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಚಿಕ್ಕಮ್ಮ ಎದ್ದವಳೇ ಅಮ್ಮನಿಗೆ ಹೇಳಿ ಕೊಟ್ಟಿಗೆ ಜಗಲಿಗೆ ಹೋಗಿ ಕೂತಳು. ಅಪ್ಪ ನನ್ನನ್ನು ಕರೆದ.

“ಜಯೀ, ಕೆಳಗಿನ ಸಾಲು ಇವತ್ತು ನಿಂದು ಕಣವ್ವ. ಕೈ ತೊಳ್ಕೊಂಡು ಹೋಗು.”

ನನಗೆ ಎಷ್ಟು ಹಿಗ್ಗು! ಆ ಹಿಗ್ಗಿಗೇ ಹುಲ್ಲುಮೆದೆಯ ಹಿಂದೆ ಹೋಗಿ ಒಂದು ಚಿಟಿಕೆ ಹಾಕಿಕೊಂಡೆ. ಕೈ ತೊಳೆಯಲು ಬಂದರೆ ಹಂಡೆ ಬರಿದು. ನೀರು ತರಲು ಬೀದಿಯ ಕೊನೆಯ ಬೋರಿಗೆ ಹೋಗಬೇಕು. ಬೆರಳನ್ನು ಲಂಗಕ್ಕೆ ಉಜ್ಜಿಕೊಂಡು ಒಳಗೆ ಹೋದೆ. ಸೊಪ್ಪನ್ನು ಹಿಡಿ ಹಿಡಿಯಾಗಿ ತೆಗೆದು, ಮೃದುವಾಗಿರಲಿ ಅಂತ ಕೈಯಲ್ಲಿ ಹಿಸುಕಿ ಹಿಸುಕಿ ಹರಡಿದೆ. ಅಷ್ಟು ಅಕ್ಕರೆಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಮಧ್ಯಾಹ್ನದ ಸೊಪ್ಪಿಗೆ ಅಮ್ಮ ಒಳಗೆ ಹೋದವಳು ಕೂಗಿಕೊಂಡಳು. ಕೆಳಗಿನ ಸಾಲಿನ ಹುಳುಗಳು ತಲೆ ಎತ್ತಿ ಅತ್ತ ಇತ್ತ ತೂಗುತ್ತ, ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಕೆಲವು ಆಗಲೇ ಮುರುಟಿಕೊಂಡಿದ್ದವು. ಮೇಲಿನ ಎರಡು ಸಾಲಿಗೆ ಏನೂ ಆಗಿರಲಿಲ್ಲ. ಅಪ್ಪ, ಚಿಕ್ಕಪ್ಪ ಒಂದೊಂದೇ ತಟ್ಟೆ ಹೊತ್ತುಕೊಂಡು ಹೋಗಿ ಹಿತ್ತಿಲ ಗುಂಡಿಗೆ ಸುರಿದು ಮಣ್ಣು ಎಳೆದರು. ನನಗೆ ನೋಡಿದ ಕೂಡಲೇ ತಿಳಿಯಿತು. ನನ್ನ ಬೆರಳುಗಳನ್ನು ಮುಷ್ಟಿಯೊಳಗೆ ಮಡಿಸಿಕೊಂಡೆ. ಅಷ್ಟರಲ್ಲಿ ಜಗಲಿಯಿಂದ ಅಜ್ಜಿಯ ದನಿ ಎದ್ದಿತ್ತು.

“ಕೆಳಗಿನ ಸಾಲು ಯಾರ್ದು? ರತ್ನಂದು. ಇವತ್ತು ಬೆಳಿಗ್ಗೆ ಹೊರಗಾದ್ನಿ ಅಂತಾಳೆ. ನಿನ್ನೇನೇ ಆಗವ್ಳೆ. ಮುಚ್ಚಿಟ್ಕೊಂಡು ಒಳಗೆ ಓಡಾಡವ್ಳೆ. ಹುಳ ಸುಮ್ನೆ ಸಾಯ್ತವೇನೋ?”

ಕೊಟ್ಟಿಗೆ ಕಡೆಯಿಂದ ಚಿಕ್ಕಮ್ಮ “ಇಲ್ಲ ಅತ್ತೆ, ದೇವರಾಣೆ ಇಲ್ಲ” ಅಂದದ್ದು ಎಲ್ಲರಿಗೂ ಕೇಳಿಸಿತು. ಯಾರೂ ಆ ಕಡೆ ತಿರುಗಲಿಲ್ಲ. ನಾನೂ ತಿರುಗಲಿಲ್ಲ.

ಅವಳಿಗೆ ಊಟ ಕೊಂಡೊಯ್ಯುತ್ತಿದ್ದವಳು ನಾನೇ. ತಟ್ಟೆಯನ್ನು ದೂರದಲ್ಲಿಟ್ಟು ಸರಿಯಬೇಕು, ಅವಳು ಬಂದು ತೆಗೆದುಕೊಳ್ಳಬೇಕು. ಒಂದು ಸಲ ಅವಳು ಮುದ್ದೆ ಮುಟ್ಟದೆ ನನ್ನನ್ನೇ ನೋಡುತ್ತ ಕೇಳಿದಳು.

“ಜಯೀ, ನೀನಾದ್ರೂ ನಂಬ್ತೀಯೇನೇ? ನಾನು ಮುಚ್ಚಿಟ್ಟಿಲ್ಲ ಕಣೇ.”

“ನಂಬ್ತೀನಿ ಚಿಕ್ಕಮ್ಮ.”

“ಅಷ್ಟು ಸಾಕು ಬಿಡು” ಅಂದಳು. ಆಮೇಲೆ ಊಟ ಮಾಡಿದಳು. ಇಷ್ಟು ವರ್ಷದ ಮೇಲೆ ಈ ಸಾಲು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಹುಳು ಕೊಂದದ್ದು ಅರಿಯದೆ ಆದದ್ದು. ಆ “ನಂಬ್ತೀನಿ” ಅರಿತು ಆಡಿದ್ದು.

ಚಿಕ್ಕಮ್ಮ ನೀರು ಹಾಕಿಕೊಂಡು ಬಂದ ದಿನ ಅಜ್ಜಿ ಅವಳನ್ನು ಹುಳುವಿನ ಕೋಣೆಗೆ ಬಿಡಲಿಲ್ಲ. ಅವಳ ಅಣ್ಣನಿಗೆ ಮೊದಲೇ ಹೇಳಿ ಕಳಿಸಿಯಾಗಿತ್ತು. ಅವನು ಬಂದು ಜಗಲಿಯ ತುದಿಯಲ್ಲಿ ಕೂತ, ಕೊಟ್ಟ ನೀರನ್ನೂ ಕುಡಿಯಲಿಲ್ಲ. ಬೆಳೆ ಮುಗಿಯುವವರೆಗೆ ತವರಲ್ಲಿರಲಿ, ಆಮೇಲೆ ನೋಡೋಣ ಅಂತ ಅಜ್ಜಿ ಅಂದದ್ದು. ‘ಆಮೇಲೆ ನೋಡೋಣ’ ಅಂತ ಕಳಿಸಿದ ಸೊಸೆಯರು ಎಷ್ಟು ವರ್ಷ ಆ ಕಡೆಯೇ ಉಳಿದರು ಅನ್ನುವುದು ನಮ್ಮೂರಿಗೆ ಗೊತ್ತಿತ್ತು. ಹುಳು ಕೊಂದವಳು ಅಂತ ಹೆಸರು ಹೊತ್ತು ಹೋದರೆ ಅವಳನ್ನು ಯಾರು ಕರೆದುತರುತ್ತಾರೆ? ಚಿಕ್ಕಪ್ಪ ಬಾಗಿಲ ಪಕ್ಕ ನಿಂತು ಸೊಪ್ಪಿನ ಕಡ್ಡಿಯನ್ನು ಪುಡಿ ಪುಡಿ ಮಾಡುತ್ತಿದ್ದ. ಚಿಕ್ಕಮ್ಮ ಒದ್ದೆ ಕೂದಲಲ್ಲೇ ಚೀಲ ಹಿಡಿದು ಹೊರಗೆ ಬಂದು ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಲು ಬಾಗಿದಳು. ಆಗ ನನ್ನ ಬಾಯಿಂದ ಬಂತು, ಅಳುವಿನ ಜೊತೆ.

“ಹುಳ ಸಾಯ್ಸಿದ್ದು ನಾನು. ಕಡ್ಡಿಪುಡಿ ಕೈಯಲ್ಲಿ ಸೊಪ್ಪು ಹಾಕ್ದೆ.”

ಹೇಳಿದರೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಯಾರೂ ನಂಬಲಿಲ್ಲ! ಅಜ್ಜಿ ನಕ್ಕಳು.

“ನೋಡ್ರಪ್ಪ, ಚಿಕ್ಕಮ್ಮನ ಮೇಲೆ ಪ್ರೀತಿ ಉಕ್ಕಿ ಬಂತು. ಮುಸುಡಿ ತೊಳ್ಯಕ್ಕೆ ಬರದ ಮುಂಡೇದು, ಕಡ್ಡಿಪುಡಿ ಹಾಕ್ತದಂತೆ!”

ಅಮ್ಮ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು. ನಾನು ಲಂಗದ ಅಂಚಿನ ಗಂಟು ಬಿಚ್ಚಿ ತೋರಿಸಿದೆ. ಆಗ ಅಮ್ಮ ನನ್ನ ರಟ್ಟೆ ಬಿಟ್ಟಳು. ಆದರೂ ಅಜ್ಜಿ, ಅಷ್ಟಕ್ಕೆಲ್ಲ ಒಂದು ಸಾಲು ಹುಳ ಸಾಯುತ್ತದೆಯೇ ಅಂದಳು. ಅಪ್ಪ ಒಳಗೆ ಹೋಗಿ ನಡುವಿನ ಸಾಲಿನಿಂದ ಕೆಲವು ಹುಳುಗಳನ್ನು ಮೊರದಲ್ಲಿ ಹಾಕಿಕೊಂಡು ಬಂದು ನನ್ನ ಮುಂದೆ ಇಟ್ಟ.

“ಅವತ್ತು ಹೆಂಗೆ ಮಾಡ್ದೆ, ಹಂಗೇ ಮಾಡು.”

ಚಿಟಿಕೆ ತೆಗೆದು, ಬೆರಳನ್ನು ಲಂಗಕ್ಕೆ ಉಜ್ಜಿ, ಸೊಪ್ಪು ಹಿಸುಕಿ ಹಾಕಿದೆ. ಮನೆಮಂದಿಯೆಲ್ಲ ಮೊರದ ಸುತ್ತ ಕೂತರು. ಹುಳುಗಳು ನಿಶ್ಚಿಂತೆಯಿಂದ ಎಲೆಯ ಅಂಚು ಕೊರೆಯತೊಡಗಿದವು. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಗೊತ್ತೇ? ಇವು ಸತ್ತರೆ ಚಿಕ್ಕಮ್ಮ ಬಚಾವು, ಬದುಕಿದರೆ ನಾನು ಬಚಾವು. ದೇವರೇ, ಇವು ಬದುಕಲಿ ಅಂತ ಬೇಡಿಕೊಂಡೆ. ನನ್ನ ಬಾಯಿ ಸತ್ಯ ಹೇಳಿಬಿಟ್ಟ ಮೇಲೂ ನನ್ನ ಮನಸ್ಸು ಅವಳನ್ನು ತವರಿಗೆ ಕಳಿಸಲು ತಯಾರಿತ್ತು. ನಾನು ಎಂಥವಳು ಅಂತ ನನಗೆ ಗೊತ್ತಾದದ್ದು ಆ ಮೊರದ ಮುಂದೆ. ಆಮೇಲೆ ಒಂದು ಹುಳು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿತು. ಅದರ ಪಕ್ಕದ್ದು ಎತ್ತಿತು. ತೂಗಾಡಿದವು. ಹಸಿರು ನೀರು ಬಂತು.

ಮೊದಲು ಮಾತಾಡಿದವಳು ಅಜ್ಜಿ. ಸೊಂಟದ ಚೀಲವನ್ನು ಮುಟ್ಟಿ ನೋಡಿಕೊಂಡು, “ನನ್ನ ಚೀಲದ್ದೇ” ಅಂದಳು. ಆಮೇಲೆ ಯಾರ ಮುಖವನ್ನೂ ನೋಡದೆ, “ನಿಮ್ಮಣ್ಣಂಗೆ ಊಟಕ್ಕಿಕ್ಕು ರತ್ನ, ಬಿಸಿಲಲ್ಲಿ ಬಂದವ್ನೆ” ಅಂದಳು. ತಪ್ಪಾಯಿತು ಅನ್ನುವುದು ಅವಳ ಬಾಯಲ್ಲಿ ಬರುವ ಮಾತಲ್ಲ, ಅವಳು ಹೇಳಿದ್ದು ಅಷ್ಟೇ. ಚಿಕ್ಕಮ್ಮ ಚೀಲ ಇಟ್ಟಳು. ಮೊರ ಎತ್ತಿಕೊಂಡು ಹೋಗುವಾಗ ನನ್ನ ಹತ್ತಿರ ನಿಂತಳು. ತಬ್ಬಿಕೊಳ್ಳುತ್ತಾಳೆ ಅಂತ, ನೋಡಿ, ನನಗೆ ಆಸೆಯಿತ್ತು.

“ದಿನಾ ಬಂದು ನನ್ನ ಮುಂದೆ ತಟ್ಟೆ ಇಟ್ಟು ಹೋಗ್ತಿದ್ಯಲ್ಲೇ. ನಂಬ್ತೀನಿ ಅಂದ್ಯಲ್ಲೇ.”

ಅಷ್ಟು ಹೇಳಿ ಹೋದಳು. ಅಪ್ಪ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜಯಿ ಇನ್ನು ಹುಳುವಿನ ಕೋಣೆಗೆ ಬರಬೇಕೋ ಬೇಡವೋ ಅನ್ನುವುದನ್ನು ರತ್ನನೇ ಹೇಳಲಿ ಅಂದ. ಚಿಕ್ಕಮ್ಮ ಒಳಗಿನಿಂದಲೇ, “ಹೊರಗಿನ ಕೆಲಸ ಮಾಡ್ಕೊಂಡಿರ್ಲಿ, ನೋಡಾಣ” ಅಂದಳು. ಅಜ್ಜಿ ಅವಳಿಗೆ ಹೇಳಿದ ‘ನೋಡೋಣ’ವನ್ನೇ ಅವಳು ನನಗೆ ಹೇಳಿದ್ದಳು.

ಬೆಳೆ ಮುಗಿಯುವವರೆಗೆ, ಮುಗಿದ ಮೇಲೂ ನಾನು ಹೊರಗಿನವಳು. ತಟ್ಟೆಗಳನ್ನು ತೊಳೆದು, ಸಗಣಿ ಸಾರಿಸಿ, ಬಿಸಿಲಿಗೆ ಒಣಗಿಸುವುದು, ಹೊಸ್ತಿಲಿಗೆ ಸುಣ್ಣದ ಪುಡಿ ಹಾಕುವುದು, ಹಂಡೆಗೆ ನೀರು ತುಂಬುವುದು. ಹಂಡೆ ಬರಿದಾಗದ ಹಾಗೆ ನೋಡಿಕೊಂಡೆ, ಯಾರೂ ಹೇಳದೆಯೇ. ಕಡ್ಡಿಪುಡಿ ಬಿಟ್ಟದ್ದು ಹೇಳಿದಷ್ಟು ಸುಲಭವಿರಲಿಲ್ಲ. ಕೈ ನಡುಗುವುದು, ತಲೆ ಸಿಡಿಯುವುದು, ಅಮ್ಮ ಏನಂದರೂ ಮೈಮೇಲೆ ಬೀಳುವುದು. ಹುರಿಗಡಲೆ ಜಗಿದೆ, ಉಪ್ಪುನೀರು ಮುಕ್ಕಳಿಸಿದೆ. ಒಂದು ಬೆಳಿಗ್ಗೆ ಉಪ್ಸಾರಿನ ಬೆಳ್ಳುಳ್ಳಿ ನಾಲಿಗೆಗೆ ಚುರ್ ಅಂತ ತಾಕಿತು. ಎಷ್ಟು ದಿನದಿಂದ ರುಚಿಯೇ ಗೊತ್ತಾಗುತ್ತಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು! ಆ ಹೊತ್ತು ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡೆ. ಬೀದಿಯ ಹುಡುಗರು ಮಾತ್ರ ಬಿಡುತ್ತಿರಲಿಲ್ಲ.

“ಕಡ್ಡಿಪುಡಿ ಜಯಿ ಬಂದ್ಲು, ಹುಳ ಮುಚ್ಚಿಡ್ರೋ!”

ಮುಂದಿನ ಬೆಳೆಯಲ್ಲಿ ಚಿಕ್ಕಮ್ಮ ನನ್ನನ್ನು ಹೊಸ್ತಿಲವರೆಗೆ ಬಿಟ್ಟಳು, ಆಮೇಲೆ ತನ್ನ ಜೊತೆ ಒಳಗೆ. ಪ್ರತಿ ಸಲವೂ ಬಾಗಿಲಲ್ಲಿ ನಿಲ್ಲಿಸಿ, ಎರಡೂ ಕೈ ಹಿಡಿದು ಮೂಸಿ ನೋಡಿ, “ಹೂಂ” ಅನ್ನುವಳು. ಆ ಹೂಂ ಬಿಟ್ಟು ಬೇರೆ ಮಾತಿಲ್ಲ. ಹಾಗೆ ನಡೆಯುತ್ತಿರುವಾಗ ಒಂದು ದಿನ ಬೋರಿನ ಹತ್ತಿರ ಹುಡುಗರು ಅದೇ ಕೂಗು ಕೂಗಿದರು, ದೊಡ್ಡವರೂ ನಕ್ಕರು. ಸಿಟ್ಟು ಬಂದು ಪಕ್ಕದ ಮನೆಯ ಮುದುಕಿಯ ಹತ್ತಿರ ಹೋಗಿ ಒಂದು ಚಿಟಿಕೆ ಕೇಳಿ ಹಾಕಿಕೊಂಡುಬಿಟ್ಟೆ. ಮನೆಗೆ ಬರುವಷ್ಟರಲ್ಲಿ ಅಪ್ಪ ಸೊಪ್ಪಿನ ಹೊರೆ ತಂದು ಇಳಿಸಿದ್ದ. ನಾಲ್ಕನೇ ಜ್ವರ ಎದ್ದ ಹುಳು, ಹಸಿದಿದ್ದವು. ಅಮ್ಮ ಹೊಲದಲ್ಲಿ, ಒಳಗೆ ಚಿಕ್ಕಮ್ಮ ಒಬ್ಬಳೇ ಎರಡೂ ಕೈಯಲ್ಲಿ ಹಿಕ್ಕೆ ಬಳಿಯುತ್ತಿದ್ದಳು.

“ಬೇಗ ಬಾರೇ, ಸೊಪ್ಪು ಎತ್ಕೊಂಡು ಬಾ.”

ಆ ಅವಸರದಲ್ಲಿ ಅವಳು ನನ್ನ ಕೈ ಮೂಸುತ್ತಿರಲಿಲ್ಲ. ಹಂಡೆ ತುಂಬ ನೀರಿತ್ತು, ಸೋಪೂ ಇತ್ತು. ತೊಳೆದುಕೊಂಡು ಹೋಗಿದ್ದರೆ ಹುಳುವಿಗೆ ಏನೂ ಆಗುತ್ತಿರಲಿಲ್ಲವೋ ಏನೋ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತೆ.

“ನಾನು ಬರಲ್ಲ ಚಿಕ್ಕಮ್ಮ. ಬಾಯಿಗೆ ಹಾಕ್ಕೊಂಡಿದ್ದೀನಿ.”

ಅವಳ ಕೈ ನಿಂತಿತು. “ಯಾವಾಗ?”

“ಈಗ್ಲೇ.”

“ಸೊಪ್ಪು ಮುಟ್ಟಿದ್ಯಾ?”

“ಇಲ್ಲ. ಬುಟ್ಟೀನೂ ಮುಟ್ಟಿಲ್ಲ.”

ಬೈಯುತ್ತಾಳೆ ಅಂತ ಕಾದೆ. ಅವಳು ಹೊರಗೆ ಬಂದು, ನನ್ನ ಪಕ್ಕದಿಂದ ಸರಿದು ಹೋಗಿ ಬುಟ್ಟಿ ತುಂಬಿಕೊಂಡಳು. ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು ಎಲ್ಲವನ್ನೂ ಒಬ್ಬಳೇ ಮುಗಿಸಿದಳು. ನಾನು ಅಲ್ಲೇ ನಿಂತು ನೋಡಿದೆ, ಅವಳು ಸೊಂಟ ಹಿಡಿದುಕೊಂಡು ಏಳುವುದನ್ನು, ಮತ್ತೆ ಬಾಗುವುದನ್ನು. ನಾಚಿಕೆಯಾಗುತ್ತಿತ್ತು, ಆದರೆ ಓಡಿಹೋಗಬೇಕು ಅನ್ನಿಸಲಿಲ್ಲ. ಮೊದಲ ಸಲ ನನ್ನ ನಾಚಿಕೆಯನ್ನು ನಾನೇ ಹೊತ್ತುಕೊಂಡು ನಿಂತಿದ್ದೆ, ಬೇರೆಯವರ ತಲೆಗೆ ಹಾಕಿರಲಿಲ್ಲ. ಕೆಲಸ ಮುಗಿಸಿ ಬಂದು ಬೆವರು ಒರೆಸಿಕೊಳ್ಳುತ್ತ ಅವಳು ಹೇಳಿದಳು.

“ನಾಳೆ ಬೆಳಿಗ್ಗೆ ಮೈ ತೊಳ್ಕೊಂಡು ಬಾ. ಕೆಳಗಿನ ಸಾಲು ನೀನೇ ನೋಡ್ಕೊ. ನಂಗೆ ಸೊಂಟ ನೋವು.”

ಮರುದಿನ ತಣ್ಣೀರಲ್ಲೇ ಮಿಂದು, ಉಗುರು ಸಂದಿಯನ್ನೆಲ್ಲ ಕಡ್ಡಿಯಿಂದ ಕೆರೆದು, ಹೊಸ್ತಿಲಿಗೆ ಹೋಗಿ ಎಂದಿನಂತೆ ಎರಡೂ ಕೈ ಮುಂದೆ ಚಾಚಿ ನಿಂತೆ. ಚಿಕ್ಕಮ್ಮ ಬಾಗಲಿಲ್ಲ, ಮೂಸಲಿಲ್ಲ. ಚಾಚಿದ ಕೈಗೆ ಸೊಪ್ಪಿನ ಬುಟ್ಟಿ ಇಟ್ಟು, ಮೇಲಿನ ಸಾಲಿನ ಕಡೆ ತಿರುಗಿದಳು.